ಕಿಡ್ನಿ ತೆಗೆದ ಮೇಲೆ ಸ್ಕ್ಯಾನಿಂಗ್: ಪ್ರತಿ ಸಲ ಮಣಿಪಾಲಕ್ಕೇ ಹೋಗಬೇಕಾ?

ಅಂಕೋಲಾದಿಂದ: ಅಪ್ಪನಿಗೆ ಕ್ಯಾನ್ಸರ್ ಆಗಿ ಎಡಗಡೆ ಕಿಡ್ನಿ ತೆಗೆದಿದ್ದಾರೆ. ಆರು ತಿಂಗಳಿಗೊಮ್ಮೆ ಎದೆ, ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಬೇಕಂತೆ. ಮಣಿಪಾಲಕ್ಕೆ ಓಡಾಡಿ ಅಪ್ಪ ಸುಸ್ತಾಗುತ್ತಾರೆ. ಇಲ್ಲೇ ಅಲ್ಟ್ರಾಸೌಂಡ್ ಮಾಡಿಸಿದರೆ ಸಾಲದಾ? ಗೊತ್ತಿದ್ದವರು ಹೇಳಿ.

ಶಿರಸಿಯಿಂದ: ಸಾಲದು ತಂಗೀ. ಕಿಡ್ನಿ ಕ್ಯಾನ್ಸರ್ ಮತ್ತೆ ಬಂದರೆ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುವುದೇ ಜಾಸ್ತಿ. ಹೊಟ್ಟೆಯ ಅಲ್ಟ್ರಾಸೌಂಡಿನಲ್ಲಿ ಅದು ಗೊತ್ತಾಗುವುದಿಲ್ಲ. ಆದರೆ ಮಣಿಪಾಲವೇ ಆಗಬೇಕು ಅಂತಿಲ್ಲ. ನಮ್ಮ ಮಾವನವರಿಗೆ ಡಾಕ್ಟರನ್ನು ಕೇಳಿಕೊಂಡೇ ಹುಬ್ಬಳ್ಳಿಯಲ್ಲಿ ಮಾಡಿಸುತ್ತಿದ್ದೇವೆ. ಹಳೇ ಸ್ಕ್ಯಾನಿನ ಸಿಡಿ ಮಾತ್ರ ಮರೆಯಬೇಡಿ. ಒಮ್ಮೆ ರಿಪೋರ್ಟಿನಲ್ಲಿ ‘ಬಲ ಶ್ವಾಸಕೋಶದಲ್ಲಿ 5 ಮಿ.ಮೀ. ಗಂಟು’ ಅಂತ ಬಂತು. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಮರುದಿನ ಡಾಕ್ಟರು ಹಳೇ ಸಿಡಿ ಹಾಕಿ ಪಕ್ಕಪಕ್ಕ ಇಟ್ಟು ತೋರಿಸಿದರು. ಆಪರೇಷನ್‌ಗೆ ಮೊದಲೂ ಅದು ಅಲ್ಲೇ ಇತ್ತು, ಅಷ್ಟೇ ಇತ್ತು. ಸಿಡಿ ಇಲ್ಲದಿದ್ದರೆ ಸುಮ್ನೆ ಮತ್ತೊಂದು ಸ್ಕ್ಯಾನ್, ಮತ್ತಷ್ಟು ದಿನ ಹೆದರಿಕೆ, ಅಲ್ವಾ?

ಇನ್ನೊಂದು, ಆರು ತಿಂಗಳೋ ವರ್ಷವೋ ಅನ್ನುವುದು ಗಡ್ಡೆ ಎಷ್ಟು ದೊಡ್ಡದಿತ್ತು, ಎಲ್ಲಿ ತನಕ ಹಬ್ಬಿತ್ತು, ಬಯಾಪ್ಸಿಯಲ್ಲಿ ಏನು ಬಂತು ಅನ್ನುವುದರ ಮೇಲಿದೆ. ಬೇರೆಯವರದ್ದು ನೋಡಿ ನೀವಾಗಿಯೇ ಅಂತರ ಹೆಚ್ಚಿಸಬೇಡಿ.

ಕುಮಟಾದಿಂದ: ನನ್ನದು ಮೂತ್ರಕೋಶದ ಕ್ಯಾನ್ಸರ್, ಒಳಪದರದಲ್ಲಷ್ಟೇ ಇತ್ತು. ಅದಕ್ಕೆ ಲೆಕ್ಕವೇ ಬೇರೆ. ಮೂತ್ರನಾಳದಿಂದ ಕ್ಯಾಮೆರಾ ಬಿಟ್ಟು ನೋಡುವ ಸಿಸ್ಟೋಸ್ಕೋಪಿಯೇ ಮುಖ್ಯ. ಆಪರೇಷನ್ ಆಗಿ ಮೂರು ತಿಂಗಳಿಗೆ ಮೊದಲನೆಯದು ಆಯಿತು. ಪ್ರಾಸ್ಟೇಟ್ ಆಪರೇಷನ್ ಆದ ನಮ್ಮಣ್ಣನಿಗೆ ಪಿಎಸ್‌ಎ ರಕ್ತಪರೀಕ್ಷೆ ಮೊದಲು, ಅದು ಏರಿದರಷ್ಟೇ ಸ್ಕ್ಯಾನಿನ ಮಾತು. ಹಾಗಾಗಿ ನಮ್ಮಂಥವರ ಚೀಟಿ ನೋಡಿ ಗೊಂದಲ ಮಾಡಿಕೊಳ್ಳಬೇಡಿ.

ಕಾರವಾರದಿಂದ: ನಾನು ಸ್ಕ್ಯಾನಿಂಗ್ ಟೆಕ್ನಿಷಿಯನ್. ನಿಮ್ಮ ತಂದೆಯವರಿಗೆ ಇರುವುದು ಒಂದೇ ಕಿಡ್ನಿ, ಅದನ್ನು ಜೋಪಾನ ಮಾಡಬೇಕು. ಸಿಟಿಯಲ್ಲಿ ಒಳಭಾಗ ಸ್ಪಷ್ಟವಾಗಿ ಕಾಣಲಿ ಅಂತ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್‌ಗೆ ಮೊದಲು, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯಾಟಿನಿನ್ ನೋಡಲೇಬೇಕು. ಆ ರಕ್ತಪರೀಕ್ಷೆಯನ್ನು ಊರಲ್ಲೇ ಮಾಡಿಸಿ ರಿಪೋರ್ಟ್ ಹಿಡಿದುಕೊಂಡು ಹೋಗಿ, ಅಲ್ಲಿ ಕಾಯುವುದು ತಪ್ಪುತ್ತದೆ. ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ, ಹಿಂದೆ ಇಂಜೆಕ್ಷನ್ ಕೊಟ್ಟಾಗ ಮೈ ತುರಿಸಿದ್ದರೆ ಮೊದಲೇ ಹೇಳಿ. ಯಾವ ಭಾಗ, ಕಾಂಟ್ರಾಸ್ಟ್ ಬೇಕೋ ಬೇಡವೋ ಅಂತ ಡಾಕ್ಟರ ಹತ್ತಿರ ಚೀಟಿಯಲ್ಲೇ ಬರೆಸಿಕೊಳ್ಳಿ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವನ್ನು ನೆಚ್ಚಿಕೊಳ್ಳದೆ ಸಿಡಿಯಲ್ಲಿರುವುದನ್ನು ಈಗಲೇ ಒಂದು ಪೆನ್‌ಡ್ರೈವಿಗೂ ಹಾಕಿಡಿ.