ಹಿಂದಿನ ಸ್ಪ್ರಾಕೆಟ್ ಒಂದನ್ನೇ ಬದಲಾಯಿಸಿದರೆ ಸಾಕೇ?

ಪ್ರಶ್ನೆ (ಮೂಡಿಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನನ್ನದು 150 ಸಿಸಿ ಬೈಕು. ಮುಂದೆ 14, ಹಿಂದೆ 42 ಹಲ್ಲುಗಳ ಸ್ಪ್ರಾಕೆಟ್‌ಗಳಿವೆ (ಚೈನು ಕೂರುವ ಹಲ್ಲಿನ ಚಕ್ರಗಳು). ಚೈನು 428 ಅಳತೆಯದು. ದಿನವೂ ಚಿಕ್ಕಮಗಳೂರಿಗೆ ಹೋಗಿಬರುವುದರ ಜೊತೆಗೆ ಆಗಾಗ ಚಾರ್ಮಾಡಿ ಘಾಟಿಯನ್ನು ಇಳಿದು ಹತ್ತಬೇಕಾಗುತ್ತದೆ, ಮಳೆಗಾಲದಲ್ಲಿ ಕಾಫಿ ತೋಟದ ಮಣ್ಣುದಾರಿಯೂ ತಪ್ಪುವುದಿಲ್ಲ. ಈಚೆಗೆ ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳು ಒಂದೇ ಕಡೆಗೆ ಸವೆದು ಕೊಕ್ಕೆಯಂತಾಗಿವೆ. ಏರಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಚೈನು ಟಕ್ಕೆಂದು ಜಿಗಿಯುತ್ತದೆ. ಚೈನು ನೋಡಲು ಚೆನ್ನಾಗಿಯೇ ಇರುವುದರಿಂದ ಹಿಂದಿನ ಸ್ಪ್ರಾಕೆಟ್ ಮಾತ್ರ ಬದಲಾಯಿಸಬಹುದೇ? ಹಾಗೆಯೇ 44 ಹಲ್ಲಿನದನ್ನು ಹಾಕಿಸಿದರೆ ಘಾಟಿಯಲ್ಲಿ ಅನುಕೂಲವಾದೀತೇ?

ಉತ್ತರ 1 (ಹಾಸನದಿಂದ)

ಚೈನಿನ ಸವೆತ ಕಣ್ಣಿಗೆ ಕಾಣುವುದಿಲ್ಲ ಸರ್, ಅಳೆದೇ ನೋಡಬೇಕು. 428 ಚೈನಿನಲ್ಲಿ ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ 12.7 ಮಿ.ಮೀ. ಅಂತರವಿರುತ್ತದೆ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, 21 ಪಿನ್ನುಗಳನ್ನು ಎಣಿಸಿ, ಮೊದಲನೆಯದರಿಂದ ಕೊನೆಯದರವರೆಗೆ ಅಳೆದರೆ ಹೊಸತರಲ್ಲಿ 254 ಮಿ.ಮೀ. ಬರುತ್ತದೆ, ಅದು 259ರ ಹತ್ತಿರ ಬಂದಿದ್ದರೆ ಚೈನು ಶೇಕಡಾ 2ರಷ್ಟು ಉದ್ದವಾಗಿದೆ ಎಂದರ್ಥ, ಅದನ್ನು ತೆಗೆಯಲೇಬೇಕು. ಬೈಕಿನ ಕೈಪಿಡಿಯಲ್ಲಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಿ.

ಉದ್ದವಾದ ಚೈನು ಹೊಸ ಸ್ಪ್ರಾಕೆಟ್‌ನ ಹಲ್ಲುಗಳ ನಡುವೆ ಸರಿಯಾಗಿ ಕೂರದೆ, ಎಳೆತದ ಭಾರವೆಲ್ಲ ಕೆಲವೇ ಹಲ್ಲುಗಳ ಮೇಲೆ ಬಿದ್ದು, ಹೊಸದನ್ನೂ ಬೇಗನೆ ಹಳೆಯದರ ಸ್ಥಿತಿಗೆ ತರುತ್ತದೆ. ಹಿಂದಿನ ಹಲ್ಲುಗಳು ಕೊಕ್ಕೆಯಾಗುವಷ್ಟು ಸವೆದಿರುವಾಗ ಮುಂದಿನದು ಚೆನ್ನಾಗಿರುವ ಸಂಭವ ತೀರಾ ಕಡಿಮೆ, ಏಕೆಂದರೆ ಅದು ಹಿಂದಿನದರ ಮೂರು ಪಟ್ಟು ಸುತ್ತುತ್ತದೆ. ಚೈನು, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಾಯಿಸಿ. ಅಲ್ಲಿಯವರೆಗೆ ದಯವಿಟ್ಟು ಘಾಟಿ ಇಳಿಯಬೇಡಿ. ಜಿಗಿಯುವ ಚೈನು ಕಳಚಿ ಸಿಕ್ಕಿಕೊಂಡರೆ ಹಿಂದಿನ ಚಕ್ರ ತಿರುವಿನಲ್ಲೇ ನಿಂತುಬಿಡಬಹುದು.

ಉತ್ತರ 2 (ಚಿಕ್ಕಮಗಳೂರಿನಿಂದ)

ಮೇಲಿನ ಮಾತು ಸರಿಯಾಗಿದೆ. 44 ಹಲ್ಲಿನ ವಿಚಾರಕ್ಕೆ ಬಂದರೆ, ಈಗ 3.00 ಇರುವ ಅನುಪಾತ (ಹಿಂದಿನ ಹಲ್ಲುಗಳನ್ನು ಮುಂದಿನವುಗಳಿಂದ ಭಾಗಿಸಿದ್ದು) 3.14 ಆಗುತ್ತದೆ, ಎಂದರೆ ಚಕ್ರದ ಎಳೆತ ಸುಮಾರು ಶೇಕಡಾ 5ರಷ್ಟು ಹೆಚ್ಚುತ್ತದೆ. ಅದೇ ವೇಗಕ್ಕೆ ಎಂಜಿನ್ ಅಷ್ಟೇ ಹೆಚ್ಚು ಸುತ್ತಬೇಕಾಗುವುದರಿಂದ ಕಡೂರಿನ ಕಡೆಯ ಸಮತಟ್ಟಾದ ರಸ್ತೆಯಲ್ಲಿ ಮೈಲೇಜ್ ಇಳಿಯಬಹುದು, ಚೈನಿನ ಉದ್ದವೂ ಸಾಲದೆ ಹೋಗಬಹುದು. ಮುಂದೆ 13 ಹಲ್ಲಿನದನ್ನು ಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸಣ್ಣ ಸ್ಪ್ರಾಕೆಟ್‌ನ ಮೇಲೆ ಚೈನು ಹೆಚ್ಚು ಬಾಗಿ ಬೇಗ ಸವೆಯುತ್ತದೆ. ಒಬ್ಬರೇ ಓಡಾಡುವುದಾದರೆ ಏರಿನಲ್ಲಿ ಒಂದು ಗೇರ್ ಇಳಿಸಿದರೆ ಸಾಕಾಗುತ್ತದೆ, 42 ಅನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಹಿಂದೆ ಸದಾ ಭಾರವಿರುವವರಿಗೆ ಮಾತ್ರ 44ರಿಂದ ನಿಜವಾದ ಉಪಯೋಗವಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಅಳೆದು ನೋಡಿದೆ, 260 ಮಿ.ಮೀ. ಬಂದಿದೆ. ಚೈನು, ಎರಡು ಸ್ಪ್ರಾಕೆಟ್ ಸೇರಿದ 42ರ ಕಿಟ್ ತರಿಸುತ್ತೇನೆ. ಕೆಲಸ ಮಾಡಿಸುವಾಗ ನಾನೇ ನಿಂತು ಗಮನಿಸಬೇಕಾದದ್ದೇನು?

ಉತ್ತರ 1 (ಹಾಸನದಿಂದ)

ಮುಂದಿನ ಸ್ಪ್ರಾಕೆಟ್‌ನ ಬೋಲ್ಟನ್ನು ಹಳೆಯ ಚೈನು ಇರುವಾಗಲೇ, ಹಿಂದಿನ ಬ್ರೇಕ್ ಒತ್ತಿ ಹಿಡಿದು ಸಡಿಲಿಸಬೇಕು. ಚೈನು ತೆಗೆದ ಮೇಲೆ ಅದು ಸುಲಭವಾಗಿ ಸಡಿಲವಾಗುವುದಿಲ್ಲ. ಚಕ್ರ ಕಳಚಿದಾಗ ಹಬ್ಬಿನ (ಚಕ್ರದ ನಡುಭಾಗದ) ಒಳಗಿನ ರಬ್ಬರುಗಳನ್ನು ನೋಡಿ, ಸ್ಪ್ರಾಕೆಟ್ ಹಿಂದೆ ಮುಂದೆ ಅಲ್ಲಾಡುತ್ತಿದ್ದರೆ ಅವನ್ನೂ ಬದಲಾಯಿಸಿ. ಸ್ಪ್ರಾಕೆಟ್‌ನ ನಟ್ಟುಗಳನ್ನು ಎದುರುಬದುರಾಗಿ, ಹಂತಹಂತವಾಗಿ ಬಿಗಿಯಬೇಕು. ನಟ್ಟು ಸಡಿಲವಾಗದಂತೆ ಅಂಚು ಮಡಚುವ ಲಾಕ್ ವಾಷರ್‌ಗಳಿದ್ದರೆ ಹೊಸದನ್ನೇ ಹಾಕಿಸಿ. ಒಮ್ಮೆ ಮಡಚಿದ್ದನ್ನು ಬಿಡಿಸಿ ಮತ್ತೆ ಮಡಚಿದರೆ ಮುರಿಯುತ್ತದೆ. ಚೈನ್ ಲಾಕಿನ (ಚೈನಿನ ಎರಡು ತುದಿಗಳನ್ನು ಸೇರಿಸುವ ಕೊಂಡಿಯ) ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೇ ಇರಬೇಕು, ಇದನ್ನು ಮಾತ್ರ ಕಣ್ಣಾರೆ ನೋಡದೆ ಗಾಡಿ ತೆಗೆದುಕೊಳ್ಳಬೇಡಿ.

ಚೈನಿನ ಸಡಿಲವನ್ನು ಕೈಪಿಡಿಯಲ್ಲಿ ಹೇಳಿದಷ್ಟೇ, ಚಕ್ರ ತಿರುಗಿಸಿ ಚೈನು ಅತ್ಯಂತ ಬಿಗಿಯಾಗುವ ಜಾಗದಲ್ಲಿ ಅಳೆದು ಇಡಬೇಕು. ಹೊಸ ಚೈನು ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಸ್ವಲ್ಪ ಹಿಗ್ಗುತ್ತದೆ, ಆದ್ದರಿಂದ ಘಾಟಿಗೆ ಹೊರಡುವ ಮುಂಚೆ ಇನ್ನೊಮ್ಮೆ ಅಳೆಯಿರಿ, ನಟ್ಟುಗಳನ್ನೂ ಪರೀಕ್ಷಿಸಿ.