ಅರಸೀಕೆರೆ ಕಡೆ 5,000 ಕೋಳಿಯ ಬಾಯ್ಲರ್ ಶೆಡ್: ಕಾಂಟ್ರ್ಯಾಕ್ಟ್‌ಗೆ ಕೈ ಹಾಕಬಹುದಾ?

ತೆಂಗಿನಮರದ_ಕೆಳಗೆ (ಅರಸೀಕೆರೆ ತಾಲ್ಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ 11 ವರ್ಷ ಲೇತ್ ಮೆಷಿನ್ ಮುಂದೆ ನಿಂತು, ಹೋದ ವರ್ಷ ಊರಿಗೆ ವಾಪಸ್ ಬಂದಿದ್ದೇನೆ. ಎರಡೂವರೆ ಎಕರೆ ಇದೆ. ತೆಂಗಿನ ತೋಟ ಅರ್ಧ ಒಣಗಿ ನಿಂತಿದೆ. ಬೋರ್‌ನಲ್ಲಿ ಒಂದೂವರೆ ಇಂಚು ನೀರು. ಮನೆಯಲ್ಲಿ ಅಮ್ಮ, ಹೆಂಡತಿ, ಎರಡನೇ ಕ್ಲಾಸಿನ ಮಗ.

ಒಂದು ಕೋಳಿ ಕಂಪನಿಯ ಸೂಪರ್‌ವೈಸರ್ ಮೂರು ಸಲ ಮನೆಗೆ ಬಂದು ಹೋದರು. ಶೆಡ್ ನೀವು ಹಾಕಿ, ಮರಿ, ಫೀಡು, ಔಷಧಿ ಎಲ್ಲ ನಮ್ಮದು, ಕಿಲೋಗೆ 7 ರೂಪಾಯಿ ಸಾಕಣೆ ಕೂಲಿ ಅಂದರು. ನಮ್ಮ ಮನೆ ಕ್ಯಾಲೆಂಡರ್ ಹಿಂದೆಯೇ ಲೆಕ್ಕ ಬರೆದು ಕೊಟ್ಟರು. 5,000 ಮರಿ ಬಿಟ್ಟರೆ 4,800 ಉಳಿಯುತ್ತೆ, ಒಂದೊಂದು 2.2 ಕಿಲೋ, ಬ್ಯಾಚಿಗೆ ಸುಮಾರು 74 ಸಾವಿರ. ವರ್ಷಕ್ಕೆ 6 ಬ್ಯಾಚ್, ಅಂದರೆ 4 ಲಕ್ಷ 40 ಸಾವಿರ. ಶೆಡ್‌ಗೆ 17-18 ಲಕ್ಷ ಆಗುತ್ತದೆ, 12 ಲಕ್ಷ ಬ್ಯಾಂಕಿನಿಂದ ತೆಗೆಯಬೇಕು.

ನನ್ನ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಪೇಟೆಯಲ್ಲಿ ಸ್ಕಿನ್‌ಲೆಸ್ ಕೋಳಿ 260 ರೂಪಾಯಿ. ಸಾಕುವವನಿಗೆ 7. ಇದರಲ್ಲಿ ನ್ಯಾಯ ಇದೆಯಾ? ಹಕ್ಕಿಜ್ವರ, ಶ್ರಾವಣ ಅಂತ ರೇಟ್ ಬಿದ್ದರೆ ನಮಗೂ ಬೀಳುತ್ತಾ? ನಮ್ಮ ಮಾವ ಅಂತೂ, ಅದೆಲ್ಲ ಬೇಡ ನಾಟಿಕೋಳಿ ಸಾಕು, ಕಿಲೋಗೆ 500 ಬರುತ್ತೆ ಅಂತ ಒಂದೇ ಸಮ ಹೇಳುತ್ತಿದ್ದಾರೆ. ಅವರು ಹೇಳಿ ಎರಡು ಸಲ ಶುಂಠಿ ಹಾಕಿ ಕೈ ಸುಟ್ಟುಕೊಂಡಿದ್ದೇನೆ, ಅದು ಬೇರೆ ಮಾತು. ಅನುಭವ ಇರುವವರು ಹೇಳಿ.

ಹೊಟ್ಟು_ಬೂದಿ (ದೊಡ್ಡಬಳ್ಳಾಪುರ ಕಡೆ) ಉತ್ತರ:

ಒಂಬತ್ತು ವರ್ಷದಿಂದ ಕಾಂಟ್ರ್ಯಾಕ್ಟ್‌ನಲ್ಲಿ 6,000 ಕೋಳಿ ಸಾಕುತ್ತಿದ್ದೇನೆ. ಮೊದಲು 260ರ ವಿಷಯ ಮುಗಿಸೋಣ, ಎಲ್ಲರೂ ಅಲ್ಲೇ ಸಿಕ್ಕಿಕೊಳ್ಳುವುದು.

2.2 ಕಿಲೋ ಕೋಳಿ ಕೊಯ್ದು, ಸುಲಿದು, ಕರುಳು ತೆಗೆದರೆ ಕೈಗೆ ಉಳಿಯುವುದು 1.4 ಕಿಲೋ ಆಸುಪಾಸು. ಅಷ್ಟು ತೂಕ ಬರಲು ಅದು ಮೂರೂವರೆ ಕಿಲೋಗಿಂತ ಜಾಸ್ತಿ ಫೀಡು ತಿಂದಿರುತ್ತದೆ. ಫೀಡು ಕಿಲೋಗೆ 40 ಅಂತ ಇಟ್ಟರೂ 145 ರೂಪಾಯಿ ಅದಕ್ಕೇ ಹೋಯಿತು. ಮರಿಗೆ 35-40. ಔಷಧಿ, ನಮ್ಮ ಕೂಲಿ, ಲಾರಿ ಎಲ್ಲ ಸೇರಿದರೆ ಜೀವಂತ ಕೋಳಿ ಕಿಲೋಗೆ 95 ರೂಪಾಯಿಗೆ ಬಂದು ನಿಲ್ಲುತ್ತದೆ. ಫಾರಂ ಬಾಗಿಲಲ್ಲಿ ರೇಟ್ ಒಂದು ವಾರ 120, ಇನ್ನೊಂದು ವಾರ 75. ಆ ಏರಿಳಿತ ಕಂಪನಿಯ ತಲೆಬೇನೆ. ನಾವು ಕೋಳಿ ವ್ಯಾಪಾರಿಗಳಲ್ಲ. ಶೆಡ್ಡು, ಕರೆಂಟು, ನಿದ್ದೆ ಬಾಡಿಗೆಗೆ ಕೊಡುವವರು. ಹಾಗಂದುಕೊಂಡು ನೋಡಿದರೆ 7 ರೂಪಾಯಿ ಅನ್ಯಾಯ ಅನ್ನಿಸಲ್ಲ, ಬರೀ ಕಡಿಮೆ ಅನ್ನಿಸುತ್ತದೆ.

ನೀವು ಹೆದರಬೇಕಾದ ಸಂಖ್ಯೆ ಸೂಪರ್‌ವೈಸರ್ ಬರೆದ ಆ 6. ನಾನೂ ಆರು ಬ್ಯಾಚ್ ನಂಬಿಕೊಂಡೇ ಸಾಲ ತೆಗೆದವನು. 40 ದಿನ ಸಾಕಿ, ಕೋಳಿ ಲಾರಿಗೆ ತುಂಬಿ ಲೋಡ್ ಹೋಗಿ, ಗೊಬ್ಬರ ಎಳೆದು, ಶೆಡ್ ತೊಳೆದು ಸುಣ್ಣ ಬಳಿದು 15 ದಿನ ಬಿಟ್ಟರೆ ಪುಸ್ತಕದ ಲೆಕ್ಕದಲ್ಲಿ ಆರು ಬರುತ್ತದೆ, ಇಲ್ಲ ಅನ್ನಲ್ಲ. ಆದರೆ ಮರಿ ಯಾವತ್ತು ಬಿಡಬೇಕು ಅನ್ನುವುದು ನಿಮ್ಮ ಕೈಲಿಲ್ಲ.

2020ರ ಫೆಬ್ರವರಿ ನೆನಪಿದೆಯಾ? ಕೋಳಿ ತಿಂದರೆ ಕೊರೋನಾ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ಹಬ್ಬಿತು. ಮಾರ್ಚ್‌ನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೂ ಹರಿಹರದ ಬನ್ನಿಕೋಡಿನಲ್ಲೂ ಹಕ್ಕಿಜ್ವರ ಬೇರೆ. ಗೋಕಾಕ ತಾಲ್ಲೂಕಿನಲ್ಲಿ ರೈತರೊಬ್ಬರು ಗುಂಡಿ ತೋಡಿ ಸಾವಿರಾರು ಕೋಳಿ ಜೀವಂತ ಹೂತಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದೆವು. ನಮ್ಮ ಪಕ್ಕದೂರಿನಲ್ಲಿ ಸ್ವಂತಕ್ಕೆ ಸಾಕುತ್ತಿದ್ದ ಹುಡುಗ ರಸ್ತೆ ಬದಿ ನಿಂತು 100 ರೂಪಾಯಿಗೆ ಮೂರು ಕೋಳಿ ಕೊಟ್ಟ. ನನ್ನ ಲೋಡ್ ಮಾತ್ರ ಕಂಪನಿ ಎತ್ತಿತು, ಕೂಲಿಯೂ ಬಂತು. ರೇಟ್ ಬಿದ್ದರೆ ನಮಗೇನು ಅಂತ ಚಹಾ ಅಂಗಡಿಯಲ್ಲಿ ಬೀಗಿದ್ದೆ.

ಆಮೇಲೆ ಮರಿಯೇ ಬರಲಿಲ್ಲ. 70 ದಿನ. ಶೆಡ್ ಒಳಗೆ ಹೊಸ ಭತ್ತದ ಹೊಟ್ಟು ಹರಡಿ, ಪರದೆ ಇಳಿಬಿಟ್ಟು ಕಾಯುತ್ತಿದ್ದೆ. ಫೋನ್ ಮಾಡಿದರೆ ಮುಂದಿನ ವಾರ ಅಂತಲೇ ಉತ್ತರ. ಬ್ಯಾಂಕಿನವರು ಕಂತು ಮುಂದೂಡಿದರು, ಬಡ್ಡಿ ನಿಲ್ಲಿಸಲಿಲ್ಲ. ತಮಾಷೆ ಅಂದರೆ, ಯಾರೂ ಮರಿ ಬಿಡದೆ ಇದ್ದದ್ದಕ್ಕೆ ಮೇ ಹೊತ್ತಿಗೆ ಕೋಳಿಯೇ ಸಿಗದೆ ಅಂಗಡಿ ರೇಟ್ ಏರಿಬಿಟ್ಟಿತು. ಅತ್ತ ರೇಟು ಏರಿದಾಗ ಇತ್ತ ನನ್ನ ಶೆಡ್ಡಿನಲ್ಲಿ ಇಲಿ ಓಡಾಡುತ್ತಿದ್ದವು. ಆ ವರ್ಷ ನನಗೆ ಸಿಕ್ಕಿದ್ದು 3 ಬ್ಯಾಚ್. ಒಳ್ಳೆ ವರ್ಷ 6. ಮಿಕ್ಕ ವರ್ಷ ಐದರ ಸುತ್ತ.

ಅಂದರೆ ರೇಟ್ ಬಿದ್ದರೆ ನಮಗೂ ಬೀಳುತ್ತದೆ. ದುಡ್ಡಿನ ರೂಪದಲ್ಲಿ ಅಲ್ಲ, ಖಾಲಿ ದಿನದ ರೂಪದಲ್ಲಿ. ಹಾಗಾಗಿ ಸೂಪರ್‌ವೈಸರ್ ನಾಲ್ಕನೇ ಸಲ ಬಂದಾಗ ಒಂದೇ ಪ್ರಶ್ನೆ ಕೇಳಿ: ಲೋಡ್ ಹೋಗಿ 20 ದಿನದೊಳಗೆ ಮರಿ ಬಿಡದಿದ್ದರೆ ದಿನಕ್ಕೆ ಎಷ್ಟು ಕೊಡುತ್ತೀರಿ? ಒಪ್ಪಂದದ ಪತ್ರದಲ್ಲಿ ಅದು ಇದೆಯಾ? ನನ್ನದರಲ್ಲಿ ಇರಲಿಲ್ಲ. ನಾನು ಓದಿಯೂ ಇರಲಿಲ್ಲ, ಸುಮ್ನೆ ಸಹಿ ಹಾಕಿದ್ದೆ.

ಎರಡನೆಯದು ಬಿಸಿಲು. ಏಪ್ರಿಲ್‌ನ ಒಂದು ಮಧ್ಯಾಹ್ನ, ಕೋಳಿಗೆ 36 ದಿನ, ಕರೆಂಟ್ ಹೋಯಿತು. ನಾನು ತಾಲ್ಲೂಕು ಆಫೀಸಿನ ಕ್ಯೂನಲ್ಲಿದ್ದೆ. ಫ್ಯಾನ್ ಇಲ್ಲ, ಮಂಜಿನ ಹಾಗೆ ನೀರು ಚಿಮುಕಿಸುವ ಫಾಗರ್ ಇಲ್ಲ. ಮನೆಗೆ ಬರುವಷ್ಟರಲ್ಲಿ ಎಲ್ಲ ಬಾಯಿ ತೆರೆದು, ರೆಕ್ಕೆ ಅಗಲಿಸಿ, ನೀರಿನ ಲೈನ್ ಕೆಳಗೆ ಒಂದರ ಮೇಲೊಂದು ಬಿದ್ದಿದ್ದವು. 312 ಸತ್ತವು. ಸತ್ತ ಮೇಲೂ ಎದೆ ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಗುಂಡಿಗೆ ಸುಣ್ಣ ಹಾಕಿ ಮುಚ್ಚಿದೆವು. ಅದು ಸಾಯುವ ಹೊತ್ತಿಗೆ ಮೂರು ಕಿಲೋ ಫೀಡು ತಿಂದಿರುತ್ತದಲ್ಲ, ಆ ಫೀಡೆಲ್ಲ ನಮ್ಮ ಲೆಕ್ಕದಲ್ಲೇ ಬರುತ್ತದೆ. ಒಂದು ಕಿಲೋ ತೂಕಕ್ಕೆ ಎಷ್ಟು ಫೀಡು ಹೋಯಿತು ಅಂತ ನೋಡಿಯೇ ಕೂಲಿ ಕಟ್ಟುವುದು. 1.65ರಲ್ಲಿ ಮುಗಿಯಬೇಕಿದ್ದದ್ದು 1.8 ದಾಟಿತು, 7 ರೂಪಾಯಿ ನಾಲ್ಕೂಚಿಲ್ಲರೆಗೆ ಇಳಿಯಿತು.

ಒಳ್ಳೆಯದೂ ಇದೆ, ಬರೀ ಹೆದರಿಸಿದ ಹಾಗಾಗಬಾರದು. ಶೆಡ್ ಸಾಲ ಎರಡು ವರ್ಷದ ಕೆಳಗೆ ತೀರಿತು. ಗೊಬ್ಬರ ಮಾರಿದ ದುಡ್ಡು ಪೂರ್ತಿ ನಮ್ಮದೇ. ನಿಮ್ಮ ಕಡೆ ಅಡಿಕೆ, ಶುಂಠಿಯವರು ಟ್ರ್ಯಾಕ್ಟರ್ ತಂದು ತಾವೇ ತುಂಬಿಕೊಂಡು ಹೋಗುತ್ತಾರೆ. ಮತ್ತೆ, ಮರಿ ಬಂದ ರಾತ್ರಿಯ ಸದ್ದು ಇದೆಯಲ್ಲ, 6,000 ಮರಿ ಬೆಚ್ಚಗೆ ಒಂದೇ ಸಮ ಚಿಲಿಪಿಲಿ. ಆ ಸದ್ದು ಹರಿತ ಆದರೆ ಚಳಿ, ಪೂರ್ತಿ ನಿಂತರೆ ಸೆಕೆ. ನಿದ್ದೆಯಲ್ಲೂ ಗೊತ್ತಾಗುತ್ತದೆ ನನಗೆ ಈಗ.

ಮುಸುಕಿನಜೋಳ (ಕೊಪ್ಪಳ) ಉತ್ತರ:

ನಂದು ಮೊಟ್ಟೆ ಕೋಳಿ, ಬಾಯ್ಲರ್ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನೇನೂ ಸೇರಿಸಲ್ಲ. ಆದರೆ ನೀವು ಪೇಟೆ ರೇಟ್ ನೋಡುತ್ತಿದ್ದೀರಿ. ಜೋಳದ ರೇಟ್ ನೋಡಿ.

ಕೋಳಿ ಫೀಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮುಸುಕಿನ ಜೋಳ, ಆಮೇಲೆ ಸೋಯಾ ಹಿಂಡಿ. ನಮ್ಮ ಹೊಸಪೇಟೆ, ಕೊಪ್ಪಳ ಕಡೆ ಇಷ್ಟು ಫಾರಂ ನಿಂತಿರುವುದೇ ಯಾಕೆ ಅಂದುಕೊಂಡಿರಿ? ದಾವಣಗೆರೆ, ಹಾವೇರಿ ಜೋಳ ಹತ್ತಿರ. ಗಂಗಾವತಿ, ಸಿರುಗುಪ್ಪದ ಮಿಲ್‌ಗಳ ನುಚ್ಚು, ತೌಡು ಇನ್ನೂ ಹತ್ತಿರ. 2021ರಲ್ಲಿ ಸೋಯಾ ಹಿಂಡಿ ಎಷ್ಟು ಏರಿತು ಅಂದರೆ, ಕುಲಾಂತರಿ ಸೋಯಾದ ಹಿಂಡಿ 12 ಲಕ್ಷ ಟನ್ ಹೊರಗಿನಿಂದ ತರಿಸಲು ಕೇಂದ್ರವೇ ಒಪ್ಪಬೇಕಾಯಿತು. ಈಗ ಜೋಳಕ್ಕೆ ಎಥೆನಾಲ್ ಕಾರ್ಖಾನೆಯವರೂ ಗಿರಾಕಿ. ಜೋಳ ಏರಿದರೆ ನಾನು ಅಳುತ್ತೇನೆ, ಇಳಿದರೆ ನನ್ನ ಅಣ್ಣ ಅಳುತ್ತಾನೆ. ಅವನು 8 ಎಕರೆ ಜೋಳ ಹಾಕುತ್ತಾನೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ಅಂತ ಇದೆ, ಅವನು ಎಪಿಎಂಸಿಯಿಂದ ಬಂದ ದಿನ ಆ ಅಂಕಿ ಅವನ ಮುಂದೆ ಎತ್ತಬೇಡಿ.

ಮೊಟ್ಟೆ ಕಡೆ ಹೋಗೋಣ ಅಂತ ಆಸೆ ಇದ್ದರೆ ಒಂದು ಮಾತು. ಮರಿ ತಂದ ಮೇಲೆ ನಾಲ್ಕೂವರೆ ತಿಂಗಳು ಒಂದು ಮೊಟ್ಟೆಯೂ ಇಲ್ಲದೆ ಫೀಡು ಹಾಕಬೇಕು. ಆಮೇಲೆ ದಿನಕ್ಕೆ ಒಂದು ಕೋಳಿ 110 ಗ್ರಾಂ ತಿನ್ನುತ್ತದೆ, ನೀವು ಉಣ್ಣಿ ಬಿಡಿ. ರೇಟ್ ಎನ್‌ಇಸಿಸಿ (ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ಪಟ್ಟಿಯಲ್ಲಿ ದಿನಾ ಬರುತ್ತದೆ, 100 ಮೊಟ್ಟೆಗೆ ಇಷ್ಟು ಅಂತ. ಹೊಸಪೇಟೆಗೇ ಬೇರೆ ರೇಟ್ ಇದೆ. ಆದರೆ ನಮ್ಮ ಕಣ್ಣು ತಮಿಳುನಾಡಿನ ನಾಮಕ್ಕಲ್ ಮೇಲೆ. ಅವರು ಒಮಾನ್, ಕತಾರ್, ಮಾಲ್ಡೀವ್ಸ್‌ಗೆಲ್ಲ ಕಳಿಸುವವರು. ಅಲ್ಲಿ ಪರ್ಮಿಟ್ ನಿಂತರೆ ಆ ಲಾರಿಗಳು ಹೊಸೂರು ದಾಟಿ ಬೆಂಗಳೂರಿಗೆ ಬರುತ್ತವೆ, ಮರುದಿನ ನಮ್ಮ ರೇಟ್‌ಗೆ ಕತ್ತರಿ. ಮಸ್ಕತ್‌ನಲ್ಲಿ ಯಾರೋ ಕಾಗದಕ್ಕೆ ಸಹಿ ಹಾಕದಿದ್ದರೆ ಕೊಪ್ಪಳದಲ್ಲಿ ನನ್ನ ಟ್ರೇಗೆ ಐದು ರೂಪಾಯಿ ಕಡಿಮೆ.

ನಮಗೆ ಈಚೆಗೆ ಆಸರೆ ಆಗಿರುವುದು ಶಾಲೆ. 2021ರ ಡಿಸೆಂಬರಿನಲ್ಲಿ ಈ ಕಡೆಯ ಜಿಲ್ಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಶುರು ಆಯಿತು, ಆಮೇಲೆ ಇಡೀ ರಾಜ್ಯಕ್ಕೆ. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಸೇರಿ ವಾರಕ್ಕೆ 6. ದಸರಾ, ಬೇಸಿಗೆ ರಜೆ ಬಂದರೆ ಈಗ ನಮಗೂ ಗೊತ್ತಾಗುತ್ತದೆ, ಸ್ಟಾಕ್ ನಿಲ್ಲುತ್ತದೆ. ದೇಶದಲ್ಲಿ 2023-24ರಲ್ಲಿ ತಲೆಗೆ 103 ಮೊಟ್ಟೆ ಲೆಕ್ಕ ಸಿಕ್ಕಿತು. ತಿನ್ನಬೇಕಾದದ್ದು ವರ್ಷಕ್ಕೆ 180 ಅಂತಾರೆ. ಮೊಟ್ಟೆ ಉತ್ಪಾದನೆಯಲ್ಲಿ ಆಂಧ್ರ, ತಮಿಳುನಾಡು, ತೆಲಂಗಾಣ, ಪಶ್ಚಿಮ ಬಂಗಾಳ ಆದ ಮೇಲೆ ನಾವು. ಜೋಳ ನಮ್ಮಲ್ಲಿ ಇಟ್ಟುಕೊಂಡು ಮೊಟ್ಟೆ ಅಲ್ಲಿಂದ ತರಿಸುವುದು ನನಗಂತೂ ಅರ್ಥ ಆಗಲ್ಲ.

ಕತ್ತಿ_ಮರ (ಮೈಸೂರು) ಉತ್ತರ:

ಚಿಕನ್ ಅಂಗಡಿ ಇದೆ, 14 ವರ್ಷ. ನಾಟಿಕೋಳಿ ಬಗ್ಗೆ ನಿಮ್ಮ ಮಾವ ಹೇಳಿದ್ದು ಅರ್ಧ ನಿಜ. ರೇಟ್ ಇದೆ, ಗಿರಾಕಿಯೂ ಇದ್ದಾರೆ. ಆದರೆ ದಿನಾ ಇಲ್ಲ.

ನನ್ನ ವರ್ಷ ಹೇಗಿದೆ ಕೇಳಿ. ಯುಗಾದಿ ಮರುದಿನ ಹೊಸತೊಡಕು, ಬೆಳಗಿನ ಜಾವ 4 ಗಂಟೆಗೆ ಜನ ನಿಂತಿರುತ್ತಾರೆ, ಆವತ್ತು ನಾಟಿ ಎಷ್ಟಿದ್ದರೂ ಸಾಲದು. ಮಾರಿಹಬ್ಬಕ್ಕೂ ಹಾಗೇ. ಶ್ರಾವಣದಲ್ಲಿ ನಾನು ಕೂತು ಪೇಪರ್ ಓದುತ್ತೇನೆ. ಪಿತೃಪಕ್ಷದಲ್ಲಿ ಎಡೆಗೆ ನಾಟಿಯೇ ಬೇಕು ಅಂತ ಕೇಳಿ ಬರುತ್ತಾರೆ. ಅಯ್ಯಪ್ಪನ ಮಾಲೆ ಹಾಕಿದಾಗ ಮತ್ತೆ ಡಲ್. ನೂರು ನಾಟಿ ಸಾಕಿದವರು ಹಬ್ಬಕ್ಕೆ ಮಾರಿ ಗೆದ್ದಿದ್ದಾರೆ. ಸಾವಿರ ಸಾಕಿದವರು ಹಬ್ಬ ಮುಗಿದ ಮೇಲೆ ನನ್ನ ಅಂಗಡಿಗೆ ಬಂದು, ಎಷ್ಟಕ್ಕಾದರೂ ತಗೊಳ್ಳಿ ಅಂದಿದ್ದಾರೆ. ಆರು ತಿಂಗಳು ಸಾಕಿದರೂ ಒಂದೂವರೆ ಕಿಲೋ, ಫೀಡು ಯಾರು ಹಾಕುತ್ತಾರೆ?

ಇನ್ನೊಂದು. ನಾಟಿ ಅಂತ ಮಾರುವುದರಲ್ಲಿ ಅರ್ಧ ನಾಟಿ ಅಲ್ಲ. ಹೆಬ್ಬಾಳದ ವೆಟರ್ನರಿ ಕಾಲೇಜಿನ ಗಿರಿರಾಜ, ಸ್ವರ್ಣಧಾರ ಇವೆ, ಒಳ್ಳೆ ಕೋಳಿಗಳೇ, ಬಣ್ಣ ನಾಟಿಯ ಹಾಗೇ. ಮೊಟ್ಟೆ ನಿಂತ ಲೇಯರ್ ಕೋಳಿಯನ್ನು ನಮ್ಮಲ್ಲಿ ಫಾರಂ ಕೋಳಿ ಅಂತಾರೆ, ಅದರ ಸಾರಿಗೂ ಬೇರೆ ಗಿರಾಕಿ ಇದ್ದಾರೆ, ಬಾಯ್ಲರ್ ಮುಟ್ಟಲ್ಲ ಅವರು. ವಯಸ್ಸಾದವರು ಕಾಲು ಹಿಡಿದು ನೋಡುತ್ತಾರೆ. ಹಿಂದಿನ ಉಗುರು ಗಟ್ಟಿ ಇದ್ದರೆ ಮಾತ್ರ ಜೇಬಿಗೆ ಕೈ ಹಾಕುವುದು.

ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಅರ್ಧ ಸಬ್ಸಿಡಿ, 25 ಲಕ್ಷದವರೆಗೆ ಅಂತ ಯಾರಾದರೂ ಹೇಳಿದರೆ ಪೂರ್ತಿ ಕೇಳಿ. ಅದು ಹಿತ್ತಲ ಕೋಳಿ ತಳಿಯ ತಾಯಿಕೋಳಿ 1,000 ಇಟ್ಟು, ಹ್ಯಾಚರಿ ಮಾಡಿ ಮರಿ ಮಾರುವವರಿಗೆ. ಬಾಯ್ಲರ್ ಶೆಡ್‌ಗೆ ಅಲ್ಲ. ನನ್ನ ಬಾಮೈದ ಅದು ಗೊತ್ತಿಲ್ಲದೆ ಫೋಟೋ, ಪಹಣಿ ಹಿಡಿದು ಎರಡು ತಿಂಗಳು ತಿರುಗಿದ.

ತೆಂಗಿನಮರದ_ಕೆಳಗೆ:

ಎಲ್ಲರಿಗೂ ಥ್ಯಾಂಕ್ಸ್. ಹೊಟ್ಟು_ಬೂದಿ ಅಣ್ಣ, ಇವತ್ತು ಸೂಪರ್‌ವೈಸರ್‌ಗೆ ಫೋನ್ ಮಾಡಿ ಆ ಪ್ರಶ್ನೆ ಕೇಳಿದೆ. ಮೊದಲು ನಕ್ಕರು. ಆಮೇಲೆ, ಅಂಥದ್ದೆಲ್ಲ ಪತ್ರದಲ್ಲಿ ಇರಲ್ಲ ಸಾರ್, ಬಾಯಿ ಮಾತಲ್ಲಿ ನೋಡಿಕೊಳ್ಳೋಣ ಅಂದರು. ಐದು ಬ್ಯಾಚ್ ಇಟ್ಟು, ಹೊಟ್ಟು, ಇದ್ದಿಲು, ಕರೆಂಟ್, ಒಬ್ಬ ಆಳು ಕಳೆದು ನಾನೂ ಹೆಂಡತಿಯೂ ರಾತ್ರಿ ಲೆಕ್ಕ ಹಾಕಿದೆವು. ಬ್ಯಾಂಕಿನ ಕಂತು ತಿಂಗಳಿಗೆ 20 ಸಾವಿರ. ಅದು ಕಟ್ಟಿದ ಮೇಲೆ ಏನೂ ಉಳಿಯಲ್ಲ, ಪೀಣ್ಯದ ಸಂಬಳದ ಹತ್ತಿರವೂ ಇಲ್ಲ. ನಾಲ್ಕು ಬ್ಯಾಚ್ ಅಂತ ಹಾಕಿದಾಗ ಅವಳು ಪೆನ್ನು ಕೆಳಗಿಟ್ಟಳು.

3,000 ಕೋಳಿಗೆ ಸಣ್ಣ ಶೆಡ್ ಹಾಕಿ, ಸಾಲ 5 ಲಕ್ಷದ ಒಳಗೆ ಇಟ್ಟುಕೊಳ್ಳೋಣ ಅಂತಿದ್ದೇನೆ. ಅದಕ್ಕೂ ಮೊದಲು ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ತರಬೇತಿಗೆ ಹೋಗಿ ಬರುತ್ತೇನೆ. ಜನರೇಟರ್ ಹಳೇದು ತಗೊಂಡರೆ ನಡೆಯುತ್ತಾ?

ಹೊಟ್ಟು_ಬೂದಿ:

ನಡೆಯುತ್ತೆ. ಇನ್ನೊಂದು ಕಂಪನಿಯವರನ್ನೂ ಕರೆಸಿ ಮಾತಾಡಿ, ಒಬ್ಬರನ್ನೇ ನಂಬಿ ಕೂರಬೇಡಿ. ಶೆಡ್ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ, ಅಗಲ 30 ಅಡಿ ದಾಟಿಸಬೇಡಿ, ಗಾಳಿ ಆಡಲ್ಲ. ಪಕ್ಕದಲ್ಲಿ ಒಣಗಿದ ತೆಂಗಿನಮರ ಇದ್ದರೆ ಮೊದಲು ಕಡಿಸಿ, ಮಳೆಗಾಲದಲ್ಲಿ ಶೀಟ್ ಮೇಲೆ ಬೀಳುತ್ತೆ.

ಜನರೇಟರ್ ಹಳೇದಾದರೂ ಸೆಲ್ಫ್ ಸ್ಟಾರ್ಟ್ ಇರುವುದೇ ತಗೊಳ್ಳಿ. ನೀವು ಊರಲ್ಲಿ ಇಲ್ಲದ ದಿನವೇ ಕರೆಂಟ್ ಹೋಗುವುದು. ಹಗ್ಗ ಎಳೆದು ಸ್ಟಾರ್ಟ್ ಮಾಡೋದು ನಿಮ್ಮ ಅಮ್ಮನ ಕೈಲಿ ಆಗಲ್ಲ.