ಹಾಸನದಲ್ಲಿ ಮೂರು ರಾತ್ರಿ: ಬಸ್ ನಿಲ್ದಾಣದ ಹತ್ತಿರದ ಲಾಡ್ಜೋ, ಬಿ.ಎಂ. ರಸ್ತೆಯ ಹೋಟೆಲೋ?

ಧಾರವಾಡದ ಪ್ರಯಾಣಿಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೆಯ ವಾರದಲ್ಲಿ ತಂದೆ ತಾಯಿಯವರನ್ನು ಬೇಲೂರು, ಹಳೇಬೀಡು ಹಾಗೂ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಬರಬೇಕೆಂದಿದ್ದೇನೆ. ಸ್ವಂತ ವಾಹನವಿಲ್ಲ. ರಾತ್ರಿ ರೈಲಿನಲ್ಲಿ ಅರಸೀಕೆರೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಬೆಳಗಿನ ಹೊತ್ತಿಗೆ ಹಾಸನ ಸೇರಿ, ಮೂರು ರಾತ್ರಿಯೂ ಅಲ್ಲೇ ಒಂದು ಕಡೆ ತಂಗಿ ದಿನವೂ ಹೋಗಿ ಬರುವುದು ನಮ್ಮ ಯೋಚನೆ. ತಂದೆಯವರಿಗೆ ಮೊಣಕಾಲು ನೋವಿರುವುದರಿಂದ ಹೆಚ್ಚು ಮೆಟ್ಟಿಲು ಹತ್ತಲಾರರು. ತಾಯಿಯವರಿಗೆ ಸ್ನಾನ, ಪೂಜೆ ಮುಗಿಯದೆ ತಿಂಡಿ ಸೇರುವುದಿಲ್ಲ. ಹೊಸ ಬಸ್ ನಿಲ್ದಾಣದ ಸುತ್ತ ತಂಗಿದರೆ ಓಡಾಟಕ್ಕೆ ಅನುಕೂಲ ಎಂದು ಕೆಲವರು ಹೇಳುತ್ತಾರೆ. ಅಲ್ಲಿ ಗದ್ದಲದಿಂದ ನಿದ್ದೆ ಬರುವುದಿಲ್ಲ, ಬಿ.ಎಂ. ರಸ್ತೆಯ ದೊಡ್ಡ ಹೋಟೆಲುಗಳೇ ವಾಸಿ ಎಂದು ಇನ್ನು ಕೆಲವರು. ವೈಭವ ನಮಗೆ ಬೇಕಿಲ್ಲ, ಚೊಕ್ಕಟವಾದ ಕೊಠಡಿಯಿದ್ದರೆ ಸಾಕು. ಅಲ್ಲಿಯ ಊರು ಬಲ್ಲವರು ದಯವಿಟ್ಟು ತಿಳಿಸಬೇಕು.

ಹಾಸನದ ನಿವಾಸಿ:

ನೀವು ಬಸ್ಸನ್ನೇ ನೆಚ್ಚಿಕೊಂಡು ಬರುವವರಾದ್ದರಿಂದ ಹೊಸ ಬಸ್ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲೇ ಇರಿ ಎಂಬುದು ನನ್ನ ಖಚಿತ ಸಲಹೆ. ಬೇಲೂರು ಇಲ್ಲಿಂದ ಸುಮಾರು 40 ಕಿಲೋಮೀಟರ್, ಹಳೇಬೀಡು ಸುಮಾರು 30. ಎರಡೂ ಕಡೆಗೆ ನೇರ ಬಸ್ಸುಗಳು ಸಿಗುತ್ತವೆ, ಅವೆರಡು ಊರುಗಳ ನಡುವಿನ ದೂರ 16 ಕಿಲೋಮೀಟರ್ ಮಾತ್ರ. ಒಂದೇ ದಿನದಲ್ಲಿ ಎರಡನ್ನೂ ನೋಡಿ ಬರಬಹುದಾದರೂ ವಯಸ್ಸಾದವರಿಗೆ ಅದು ಆಯಾಸ. ನಿಮಗೆ ಮೂರು ರಾತ್ರಿಯ ಬಿಡುವಿರುವಾಗ ಬೇಲೂರಿಗೇ ಒಂದು ದಿನ ಕೊಡಿ.

ಊರಿಗೆ ಹೊಸಬರು ರೈಲು ನಿಲ್ದಾಣವೂ ಬಸ್ ನಿಲ್ದಾಣವೂ ಅಕ್ಕಪಕ್ಕದಲ್ಲಿವೆ ಎಂದುಕೊಳ್ಳುತ್ತಾರೆ. ಹಾಗಿಲ್ಲ. ರೈಲು ನಿಲ್ದಾಣ ಬಿ.ಎಂ. ರಸ್ತೆಯಲ್ಲಿದೆ, ಅಲ್ಲಿಂದ ಬಸ್ ನಿಲ್ದಾಣಕ್ಕೆ ಆಟೊ ಹಿಡಿಯಬೇಕು. ಇನ್ನು ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನ ಹಳೆಯ ಪೇಟೆಯಲ್ಲಿ ಅಗ್ಗದ ಲಾಡ್ಜುಗಳಿವೆ ಎಂದು ಯಾರಾದರೂ ಹೇಳಿದರೆ, ಒಂದು ಚೀಲ ಹೊತ್ತ ಒಂಟಿ ಪ್ರಯಾಣಿಕರಿಗೆ ಅದು ಸರಿಯೇ ಹೊರತು ನಿಮ್ಮ ತಂದೆಯವರನ್ನು ಆ ಕಿರಿದಾದ ಬೀದಿಗಳಲ್ಲಿ ನಡೆಸುವುದು ಬೇಡ.

ಬೆಳಗಿನ ತಿಂಡಿಯ ವಿಷಯವನ್ನೂ ಗಮನಿಸಿ. ನೀವು ಬೇಗ ಹೊರಡುವ ದಿನ ದೊಡ್ಡ ಹೋಟೆಲಿನ ಊಟದ ಕೋಣೆ ತೆರೆಯುವವರೆಗೆ ಕಾದು ಕುಳಿತರೆ ತಂಪು ಹೊತ್ತು ಕಳೆದುಹೋಗುತ್ತದೆ. ಬಸ್ ನಿಲ್ದಾಣದ ಸುತ್ತಲಿನ ಸಣ್ಣ ಹೋಟೆಲುಗಳಲ್ಲಿ ನಸುಕಿನಲ್ಲೇ ಬಿಸಿ ಇಡ್ಲಿ, ಕಾಫಿ ಸಿಗುತ್ತವೆ. ತಾಯಿಯವರ ಪೂಜೆ ಮುಗಿಯುವ ಹೊತ್ತಿಗೆ ನೀವೇ ಇಳಿದು ಹೋಗಿ ಕಟ್ಟಿಸಿಕೊಂಡು ಬರಬಹುದು.

ಹಾಸನಾಂಬೆಯ ದರ್ಶನದ ಕಾಲದಲ್ಲಿ ನೀವು ಬರುತ್ತಿಲ್ಲವಾದ್ದರಿಂದ ಕೊಠಡಿಗೆ ತೊಂದರೆಯಾಗದು. ಆಶ್ವಯುಜದ ಹುಣ್ಣಿಮೆಯ ನಂತರದ ಮೊದಲ ಗುರುವಾರ ದೇವಸ್ಥಾನದ ಬಾಗಿಲು ತೆರೆದು ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಮುಚ್ಚುತ್ತಾರೆ. ವರ್ಷದಲ್ಲಿ ಆ ಕೆಲವೇ ದಿನ ದರ್ಶನ ಇರುವುದರಿಂದ ಆಗ ಊರಿನಲ್ಲಿ ಕೊಠಡಿ ಸಿಗುವುದು ದುರ್ಲಭ. ಡಿಸೆಂಬರಿನಲ್ಲಿ ಶಾಲಾ ಪ್ರವಾಸಗಳ ದಟ್ಟಣೆ ಇರುತ್ತದೆ. ಶನಿವಾರ, ಭಾನುವಾರ ತಪ್ಪಿಸಿದರೆ ಉತ್ತಮ.

ಔಷಧ ಕಂಪನಿಯ ಪ್ರತಿನಿಧಿ:

ಕೆಲಸದ ನಿಮಿತ್ತ ಹಾಸನದಲ್ಲಿ ತಂಗುವುದು ನನಗೆ ವಾಡಿಕೆ. ಮೇಲಿನವರು ಜಾಗದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಅದೇ ಜಾಗದಲ್ಲಿ ಯಾವ ಕೊಠಡಿ ಕೇಳಬೇಕು ಎಂಬುದನ್ನು ಸೇರಿಸುತ್ತೇನೆ, ಏಕೆಂದರೆ ಗದ್ದಲದ ದೂರು ಬಹುಮಟ್ಟಿಗೆ ರಸ್ತೆಗೆ ಮುಖ ಮಾಡಿದ ಕೊಠಡಿಗಳದ್ದು. ಅದೇ ಕಟ್ಟಡದ ಹಿಂಬದಿಯ ಕೊಠಡಿಯಲ್ಲಿ ಬಸ್ಸಿನ ಹಾರನ್ ಕ್ಷೀಣವಾಗಿ ಕೇಳುತ್ತದೆ. ಮುಂಗಡ ಕಾಯ್ದಿರಿಸುವಾಗಲೇ ಫೋನಿನಲ್ಲಿ “ಹಿಂದುಗಡೆಯ ರೂಮು ಬೇಕು” ಎಂದು ಹೇಳಿ, ಬಂದಾಗ ಚೀಲ ಇಳಿಸುವ ಮೊದಲೇ ಕೊಠಡಿಯನ್ನು ಕಣ್ಣಾರೆ ನೋಡಿ.

ಲಿಫ್ಟ್ ಇದೆಯೇ ಎಂದು ಕೇಳಿದರೆ ಸಾಲದು. ಇಲ್ಲಿಯ ಅನೇಕ ಲಾಡ್ಜುಗಳಲ್ಲಿ ನೆಲಮಹಡಿಯನ್ನು ಅಂಗಡಿಗಳಿಗೆ ಬಿಟ್ಟಿರುತ್ತಾರೆ, ಸ್ವಾಗತದ ಕೌಂಟರ್ ಮೊದಲನೆಯ ಮಹಡಿಯಲ್ಲಿರುತ್ತದೆ, ಲಿಫ್ಟ್ ಶುರುವಾಗುವುದೂ ಅಲ್ಲಿಂದಲೇ. ಆ ಮೊದಲ ಮಹಡಿಯ ಮೆಟ್ಟಿಲುಗಳನ್ನು ನಿಮ್ಮ ತಂದೆಯವರು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯಬೇಕಾಗುತ್ತದೆ ಎಂದು ಯೋಚಿಸಿ. ಲಿಫ್ಟ್ ರಸ್ತೆಯ ಮಟ್ಟದಿಂದಲೇ ಇದೆಯೇ, ಕರೆಂಟ್ ಹೋದಾಗ ಜನರೇಟರಿನಿಂದ ನಡೆಯುತ್ತದೆಯೇ ಎಂದು ಬಿಡಿಸಿ ಕೇಳಿ. ಬಚ್ಚಲುಮನೆಯಲ್ಲಿ ಕಮೋಡ್ ಇರುವುದನ್ನೂ ಹೊಸ್ತಿಲು ಎತ್ತರವಿಲ್ಲದಿರುವುದನ್ನೂ ಖಚಿತಪಡಿಸಿಕೊಳ್ಳಿ.

ಬಿಸಿನೀರಿನ ಬಗ್ಗೆ ನಾನು ವಿಶೇಷವಾಗಿ ಹೇಳಬೇಕು. ಹಾಸನದ ಡಿಸೆಂಬರ್ ಬೆಳಗು ಸಾಕಷ್ಟು ಚಳಿ. ಸೋಲಾರ್ ಇರುವ ಲಾಡ್ಜಿನಲ್ಲಿ ಹಿಂದಿನ ದಿನ ಕಾದ ನೀರನ್ನೇ ಬೆಳಗ್ಗೆ ಎಲ್ಲರೂ ಹಂಚಿಕೊಳ್ಳಬೇಕು. ಕೊಠಡಿಗಳೆಲ್ಲ ತುಂಬಿದ ದಿನ ತಡವಾಗಿ ಎದ್ದವರಿಗೆ ಉಗುರುಬೆಚ್ಚಗಿನ ನೀರೇ ಗತಿ. ಟ್ಯಾಂಕು ತಾರಸಿಯ ಮೇಲಿರುವುದರಿಂದ ಕೆಳಗಿನ ಮಹಡಿಯಲ್ಲಿ ಕೊಳವೆಯೊಳಗಿನ ತಣ್ಣೀರೆಲ್ಲ ಹರಿದು ಹೋಗುವವರೆಗೆ ಬಕೆಟ್ ಇಟ್ಟು ಕಾಯಬೇಕಾಗುತ್ತದೆ. ತಾಯಿಯವರಿಗಾಗಿ ಕೊಠಡಿಯಲ್ಲೇ ಗೀಸರ್ ಇರುವ ಕಡೆಯನ್ನೇ ಆರಿಸಿ, ಇನ್ನೂರು ಮುನ್ನೂರು ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ.

ಬೆಳಗ್ಗೆಯೇ ಬಂದಿಳಿಯುವವರಾದ್ದರಿಂದ 24 ಗಂಟೆಯ ಚೆಕ್ ಔಟ್ ಇರುವ ಲಾಡ್ಜು ನಿಮಗೆ ಲಾಭ. ಮಧ್ಯಾಹ್ನ 12ಕ್ಕೆ ಲೆಕ್ಕ ಹಿಡಿಯುವ ಕಡೆ ಬೆಳಗ್ಗೆ ಆರಕ್ಕೆ ಕೊಠಡಿ ಪಡೆದರೆ, ಅರ್ಧ ದಿನಕ್ಕೇ ಒಂದು ದಿನದ ಬಾಡಿಗೆ ಕೇಳಬಹುದು. ಬಾಡಿಗೆಯ ಮೇಲೆ ತೆರಿಗೆ ಸೇರಿದೆಯೇ ಎಂದೂ ವಿಚಾರಿಸಿ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳಿಗೆ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಮೂವರದೂ ಆಧಾರ್ ಕಾರ್ಡ್ ಜೊತೆಗಿರಲಿ. ಶಕ್ತಿ ಯೋಜನೆಯಲ್ಲಿ ತಾಯಿಯವರಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಹಣವೂ ಇರುವುದಿಲ್ಲ.

ಬೇಲೂರಿನವಳು:

ಎಲ್ಲರೂ ಹಾಸನವನ್ನೇ ಹೇಳುತ್ತಿರುವುದರಿಂದ ಇನ್ನೊಂದು ದಾರಿಯನ್ನು ಮುಂದಿಡುತ್ತೇನೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲುಗಳು ಬೇಲೂರಿನಲ್ಲೂ ಹಳೇಬೀಡಿನಲ್ಲೂ ಇವೆ. ಒಂದು ರಾತ್ರಿ ಬೇಲೂರಿನಲ್ಲೇ ಉಳಿದರೆ, ಹೊರಗಿನ ಬಸ್ಸುಗಳು ಬರುವ ಮೊದಲೇ ಚೆನ್ನಕೇಶವನ ಅಂಗಳದಲ್ಲಿರಬಹುದು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಇಲ್ಲಿಗೆ ಬರುವವರ ಆಸಕ್ತಿ ಇನ್ನೂ ಹೆಚ್ಚಿದೆ. ಮದನಿಕೆಯರ ವಿಗ್ರಹಗಳು ಸೂರಿನ ಕೆಳಗೆ ಎತ್ತರದಲ್ಲಿರುವುದರಿಂದ ಕತ್ತೆತ್ತಿ ನಿಧಾನವಾಗಿ ನೋಡಬೇಕು, ಹಿಂದಿನಿಂದ ಜನ ನೂಕುತ್ತಿದ್ದರೆ ಅದು ಸಾಧ್ಯವಾಗದು.

ಧಾರವಾಡದ ಪ್ರಯಾಣಿಕ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೇಲೂರಿನವರ ಮಾತು ಮನಸ್ಸಿಗೆ ಹಿಡಿಸಿತಾದರೂ, ನಡುವೆ ಕೊಠಡಿ ಬದಲಿಸಿ ಸಾಮಾನು ಹೊತ್ತು ತಿರುಗುವುದು ತಂದೆಯವರಿಗೆ ಹೊರೆಯಾಗುತ್ತದೆ. ಹೊಸ ಬಸ್ ನಿಲ್ದಾಣದ ಹತ್ತಿರವೇ ಹಿಂಬದಿಯ ಕೊಠಡಿ, ಗೀಸರ್, ರಸ್ತೆ ಮಟ್ಟದ ಲಿಫ್ಟ್ ಇರುವ ಕಡೆಯನ್ನು ಹುಡುಕುತ್ತೇನೆ. ಶ್ರವಣಬೆಳಗೊಳಕ್ಕೂ ಬಸ್ಸಿನಲ್ಲೇ ಹೋಗಬಹುದೇ?

ಹಾಸನದ ನಿವಾಸಿ:

ಹೋಗಬಹುದು, ಆದರೆ ಆ ಒಂದು ದಿನ ಬಾಡಿಗೆ ಕಾರು ಮಾಡಿ. ನೇರ ಬಸ್ಸಿಗೆ ಕಾಯಬೇಕು, ಇಲ್ಲವೇ ಚನ್ನರಾಯಪಟ್ಟಣದಲ್ಲಿ ಇಳಿದು ಬೇರೆ ಬಸ್ಸು ಹತ್ತಬೇಕು, ಅಷ್ಟರಲ್ಲಿ ಬಿಸಿಲೇರುತ್ತದೆ. ವಿಂಧ್ಯಗಿರಿಯಲ್ಲಿ ಬಂಡೆಯಲ್ಲೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಅವನ್ನು ಬರಿಗಾಲಿನಲ್ಲಿ ಹತ್ತಬೇಕು. ತಂದೆಯವರಿಗೆ ಕೆಳಗೆ ಡೋಲಿ ಸಿಗುತ್ತದೆ. ಅವರು ಡೋಲಿ ಒಲ್ಲೆನೆಂದರೆ ಕಲ್ಯಾಣಿಯ ಬಳಿ ನೆರಳಿನಲ್ಲಿ ಕೂರಿಸಿ, ನೀವು ತಾಯಿಯವರೊಂದಿಗೆ ಹತ್ತಿ ಬನ್ನಿ.

ಈ ಪ್ರಯಾಣವನ್ನು ಊರಿಗೆ ಮರಳುವ ದಿನಕ್ಕೆ ಇಟ್ಟುಕೊಳ್ಳದೆ ನಡುವಿನ ದಿನ ಮುಗಿಸಿದರೆ, ಮಧ್ಯಾಹ್ನ ಕೊಠಡಿಗೆ ಹಿಂದಿರುಗಿ ಅವರು ಕಾಲು ಚಾಚಿ ಮಲಗಬಹುದು. ಹಳೇಬೀಡಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆ ದಿನ ಅಲ್ಲಿಗೆ ಹೋಗಬೇಡಿ. ಕಾರನ್ನು ಹಿಂದಿನ ಸಂಜೆಯೇ ಲಾಡ್ಜಿನ ಕೌಂಟರಿನಲ್ಲಿ ಗೊತ್ತುಮಾಡಿ, ಕಾಯುವ ಹೊತ್ತಿನ ಹಣವೂ ಸೇರಿ ಒಟ್ಟು ಬಾಡಿಗೆ ಎಷ್ಟೆಂದು ಚಾಲಕರೊಂದಿಗೆ ಮೊದಲೇ ಮಾತನಾಡಿಕೊಂಡು, ಬೆಳಗ್ಗೆ ಆರಕ್ಕೆ ಹೊರಡಿ.